ಅವ್ವ ಇದ್ದ ಅರಮನೆ ಯಾವುದು

ನಮ್ಮ ಅವ್ವನಿಗೆ ಏಳೆಂಟು ವರ್ಷವಿದ್ದಾಗ ಅವಳ ತಾಯಿ ತೀರಿಕೊಂಡರು. ತಾಯಿಯ ಅಕ್ಕ, ಅಂದರೆ ಅವ್ವನ ದೊಡ್ಡವ್ವ, ಆಗ ಮೈಸೂರಿನ ಯಾವುದೋ ಅರಮನೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದರು. ತಿಥಿ ಮುಗಿಸಿಕೊಂಡು ಹೊರಡುವಾಗ ಅವರು ಅವ್ವನನ್ನೂ ಕೈಹಿಡಿದು ಕರೆದುಕೊಂಡು ಬಂದರು. ಒಂದು ವರ್ಷವೋ ಇನ್ನೂ ಸ್ವಲ್ಪ ಹೆಚ್ಚೋ, ಅವ್ವ ಆ ಅರಮನೆಯಲ್ಲಿ ಬೆಳೆದಳು. ಆಮೇಲೆ ಊರಿಗೆ ವಾಪಸು ಹೋದಳು, ಹೊಲ ಗದ್ದೆ ಕೆಲಸ ಕಲಿತಳು, ಮದುವೆಯಾದಳು, ನಮ್ಮನ್ನೆಲ್ಲ ಹೆತ್ತಳು. ಆದರೆ ಆ ಒಂದು ವರ್ಷ ಅವಳ ಬಾಯಿಂದ ಯಾವತ್ತೂ ಇಳಿಯಲಿಲ್ಲ.

ನಾವು ಮಕ್ಕಳಾಗಿದ್ದಾಗ ಸಾರಿಗೆ ಉಪ್ಪು ಹೆಚ್ಚಾದರೂ ಅರಮನೆ, ಪಕ್ಕದ ಮನೆಯವರು ಹೊಸ ಕಿಟಕಿ ಇಡಿಸಿದರೂ ಅರಮನೆ. "ಅರಮನೇಲಿ ನೀಲಿ ಗಾಜಿನ ಕಿಟಕಿ ಇದ್ವು. ಸಂಜೆ ಬಿಸಿಲು ಬಿದ್ರೆ ನೆಲ ಎಲ್ಲಾ ನೀಲಿ ಆಗ್ಬುಡದು," ಅನ್ನುತ್ತಿದ್ದಳು. ಸುತ್ತಿಕೊಂಡು ಮೇಲಕ್ಕೆ ಹೋಗುವ ಕಬ್ಬಿಣದ ಮೆಟ್ಟಿಲಿತ್ತಂತೆ. ಕಲ್ಲು ಹಾಸಿದ ಅಂಗಳದಲ್ಲಿ ಮೀನಿನ ಬಾಯಿಂದ ನೀರು ಸುರಿಯುವ ತೊಟ್ಟಿಯಿತ್ತಂತೆ. ಮಾಳಿಗೆಗೆ ಹೋದರೆ ಚಾಮುಂಡಿ ಬೆಟ್ಟ ಕಾಣುತ್ತಿತ್ತಂತೆ. ಯಾವ ಅರಮನೆ ಎಂದು ಕೇಳಿದರೆ, "ಅಮ್ಮಣ್ಣಿಯೋರ ಅರಮನೆ," ಎನ್ನುತ್ತಿದ್ದಳು. ನಮಗೆ ಅಷ್ಟು ಸಾಕಾಗುತ್ತಿತ್ತು. ಮದುವೆಯಾಗಿ ನಾನು ಮೈಸೂರಿಗೆ ಬಂದು, ಇಲ್ಲಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರಾದ ಮೇಲಷ್ಟೇ ಅದು ಉತ್ತರವೇ ಅಲ್ಲ ಎಂದು ಗೊತ್ತಾಯಿತು. ಅಮ್ಮಣ್ಣಿ ಎಂದರೆ ಅರಸು ಮನೆತನದ ಹೆಣ್ಣುಮಗಳು; ಈ ಊರಿನಲ್ಲಿ ಅಂಥ ಎಷ್ಟು ಜನ ಅಮ್ಮಣ್ಣಿಯವರು, ಎಷ್ಟು ಅರಮನೆಗಳು!

ಈಗ ಅವ್ವ ಜಯಲಕ್ಷ್ಮಿಪುರಂನ ನಮ್ಮ ಮನೆಯಲ್ಲೇ ಇದ್ದಾಳೆ. ಎಂಬತ್ತರ ಹತ್ತಿರ. ಕಾಲು ನೋವು ಬಿಟ್ಟರೆ ಗಟ್ಟಿ. ಕಳೆದ ವರ್ಷ ನಮ್ಮ ಟೀಚರುಗಳಿಗೆ ಎರಡು ದಿನದ ತರಬೇತಿ ಬಿತ್ತು. ಹಿಂದಿನ ಸಂಜೆ ಸೊಪ್ಪು ಬಿಡಿಸುತ್ತ ಕೂತಿದ್ದಾಗ ನನ್ನ ಗಂಡನಿಗೆ ಹೇಳಿದೆ: "ಈ ಸಲ ಟ್ರೇನಿಂಗು ಆ ಹಳೇ ಅರಮನೇಲಿ ಕಣ್ರೀ. ಈಗ ಸರ್ಕಾರಿ ಆಫೀಸಾಗಿದೆಯಲ್ಲ, ಅಲ್ಲಿ."

ಅವ್ವ ಸೊಪ್ಪಿನ ಕಂತೆ ಕೆಳಗಿಟ್ಟಳು. "ಅಮ್ಮಣ್ಣಿಯೋರದ್ದಾ?"

"ಯಾವುದೋ ಅಮ್ಮಣ್ಣಿಯವರಿಗೆ ಕಟ್ಟಿಸಿದ್ದು ಅಂತಾರೆ."

"ನಾಳೆ ನಾನೂ ಬತ್ತೀನಿ."

ನನ್ನ ಗಂಡ ಹೆಬ್ಬಾಳದ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಗೆ ಹೋಗುವವರು. ಅವರು ಎದ್ದು ಹೊರಡುವ ಹೊತ್ತಿಗೆ ಅವ್ವ ಆಗಲೇ ತಲೆಗೆ ಸ್ನಾನ ಮಾಡಿ, ನನ್ನ ತಮ್ಮನ ಮದುವೆಯಲ್ಲಿ ಉಟ್ಟಿದ್ದ ಹಸಿರು ರೇಷ್ಮೆ ಸೀರೆ ಉಟ್ಟು ಕೂತಿದ್ದಳು. ಬೇಡ ಅನ್ನುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಗೇಟಿನೊಳಗೆ ದೊಡ್ಡ ದೊಡ್ಡ ಮರಗಳು, ಅವುಗಳ ನಡುವೆ ಹಳದಿ ಬಣ್ಣದ ಕಟ್ಟಡ. ಎರಡಾಳು ತಬ್ಬಿದರೂ ಸಿಕ್ಕದ ಕಂಬಗಳು. ಕಂಬಕ್ಕೆ ತಗಲಿಹಾಕಿದ ಕಚೇರಿಯ ಫಲಕ. ಅವ್ವ ಆಟೋದಿಂದ ಇಳಿದವಳೇ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅವಳನ್ನು ಜಗಲಿಯ ಬೆಂಚಿನ ಮೇಲೆ ಕೂರಿಸಿ, ನೀರಿನ ಬಾಟಲಿ ಪಕ್ಕದಲ್ಲಿಟ್ಟು, "ಎಲ್ಲೂ ಏಳಬೇಡ ಅವ್ವ, ಸಹಿ ಹಾಕಿ ಬಂದ್ಬುಡ್ತೀನಿ," ಎಂದು ಒಳಗೆ ಹೋದೆ.

ಸಹಿ ಹಾಕುವಲ್ಲಿ ದೊಡ್ಡ ಗುಂಪಿತ್ತು. ವಾಪಸು ಬಂದು ನೋಡಿದರೆ ಬೆಂಚಿನ ಮೇಲೆ ನೀರಿನ ಬಾಟಲಿ ಮಾತ್ರ ಇತ್ತು.

ಮೊದಲು ಹಿತ್ತಲ ಕಡೆ ಹೋಗಿರಬಹುದು ಎಂದುಕೊಂಡೆ. ಹಿತ್ತಲಿಗೆ ದಾರಿ ಹುಡುಕುತ್ತ ಒಂದು ಬಾಗಿಲು ದಾಟಿದೆ. ಅದು ಲೆಕ್ಕಪತ್ರದ ವಿಭಾಗ. ಒಂದು ಕಾಲಕ್ಕೆ ದೊಡ್ಡ ಹಜಾರವಾಗಿದ್ದ ಜಾಗವನ್ನು ಪ್ಲೈವುಡ್ ಹಲಗೆಯಿಂದ ಪೆಟ್ಟಿಗೆ ಪೆಟ್ಟಿಗೆಯಾಗಿ ಕತ್ತರಿಸಿದ್ದರು. ಚಾವಣಿಯಲ್ಲಿ ಬಂಗಾರದ ಬಣ್ಣದ ಬಳ್ಳಿಗಳು, ಅವುಗಳ ಕೆಳಗೆ ಟ್ಯೂಬ್‌ಲೈಟು. ಒಂದು ಪೆಟ್ಟಿಗೆಯಿಂದ ಹೊರಬಂದರೆ ಇನ್ನೊಂದು. ಓಣಿಯಲ್ಲಿ ಎಡಕ್ಕೆ ತಿರುಗಿದೆ, ಬೀರುಗಳ ಸಾಲು ಎದುರಾಯಿತು. ಬಲಕ್ಕೆ ತಿರುಗಿದೆ, ಮತ್ತೆ ಅದೇ ಲೆಕ್ಕಪತ್ರದ ವಿಭಾಗ. ಕನ್ನಡಕ ಹಣೆಗೇರಿಸಿಕೊಂಡಿದ್ದ ಹೆಂಗಸೊಬ್ಬರು, "ಪಿಂಚಣಿ ವಿಷಯನಾ ಮೇಡಂ?" ಎಂದರು.

"ಇಲ್ಲ, ನಮ್ಮ ಅವ್ವ. ಹಸಿರು ಸೀರೆ..."

"ಅವ್ರ ಪಿಂಚಣಿನಾ?"

ಅಷ್ಟರಲ್ಲಿ ಎಲ್ಲಿಂದಲೋ ಮೈಕಿನ ಸದ್ದು ಕೇಳಿಸಿತು. "ನಮ್ಮೆಲ್ಲರ ಭಾಗ್ಯ ಏನು ಅಂದ್ರೆ, ಇದೇ ಅರಮನೆಯಲ್ಲಿ ಹುಟ್ಟಿ ಬೆಳೆದ ಹಿರಿಯರೊಬ್ಬರು ಇವತ್ತು ನಮ್ಮ ನಡುವೆ ಇದ್ದಾರೆ." ಆ ದನಿಯನ್ನೇ ಹಿಡಿದು ಓಡಿದೆ. ಸಭಾಂಗಣದ ಹಿಂಬಾಗಿಲಿಂದ ಒಳಹೊಕ್ಕರೆ, ವೇದಿಕೆಯ ಮೇಲೆ, ಆ ಕಚೇರಿಯ ನಿರ್ದೇಶಕರ ಪಕ್ಕದಲ್ಲಿ, ಕೆತ್ತನೆಯ ಕುರ್ಚಿಯಲ್ಲಿ ನಮ್ಮ ಅವ್ವ ಕೂತಿದ್ದಳು.

ನಾನು ಕಣ್ಣುಜ್ಜಿಕೊಂಡೆ. ಅಲ್ಲಿಗೆ ಅವಳು ಹೇಗೆ ಹೋದಳು ಎಂದು ತಿಳಿದದ್ದು ಆಮೇಲೆ. ನಿರ್ದೇಶಕರು ಕಾರಿನಿಂದ ಇಳಿದು ಬರುವಾಗ ರೇಷ್ಮೆ ಸೀರೆಯ ಅಜ್ಜಿಯನ್ನು ಕಂಡು ಯಾರಮ್ಮ ಎಂದು ವಿಚಾರಿಸಿದ್ದಾರೆ. "ನಾನು ಈ ಅರಮನೇಲಿ ಬೆಳ್ದೋಳು," ಎಂದಿದ್ದಾಳೆ ಅವ್ವ. ಅದು ನಿರ್ದೇಶಕರಿಂದ ಅಟೆಂಡರಿಗೆ, ಅಟೆಂಡರಿಂದ ನಿರೂಪಣೆ ಮಾಡುವವರಿಗೆ ಮುಟ್ಟುವಷ್ಟರಲ್ಲಿ ಅರಸು ಮನೆತನದ ಮಾತಾಗಿಬಿಟ್ಟಿದೆ.

ನನ್ನ ಪಕ್ಕದ ಟೀಚರೊಬ್ಬರು ಪಿಸುಗುಟ್ಟಿದರು: "ರಾಜಮನೆತನದವರಂತೆ. ನೋಡಿ, ಎಷ್ಟು ಸರಳ."

ನಗಬೇಕೋ, ಮುಂದೆ ಹೋಗಿ ಎಬ್ಬಿಸಿಕೊಂಡು ಬರಬೇಕೋ ತಿಳಿಯಲಿಲ್ಲ. ಅಷ್ಟು ಜನರೆದುರು ಏನೆಂದು ಹೇಳುವುದು? ಅವ್ವ ದೀಪ ಹಚ್ಚಿದಳು. ಅವಳಿಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ನಿರೂಪಕಿ ಮೈಕು ಅವಳ ಬಾಯಿಗೆ ಹಿಡಿದು, "ಎರಡು ಮಾತಾಡಿ ಅಮ್ಮಾವ್ರೇ," ಎಂದರು.

"ನಾನು ಇಲ್ಲಿದ್ದೆ," ಎಂದಳು ಅವ್ವ. "ನಮ್ ದೊಡ್ಡವ್ವ ಕರ್ಕೊಂಡು ಬಂದಿದ್ರು. ಅವ್ವ ಇಲ್ದಿರೋ ಮಗು ಅಂತ."

ಜೋರು ಚಪ್ಪಾಳೆ. ದೊಡ್ಡವ್ವ ಎಂದರೆ ಯಾವುದೋ ರಾಣಿಯೇ ಎಂದು ಸಭೆಗೆ ಅನ್ನಿಸಿರಬೇಕು. ಅವ್ವ ಮಾತು ಮುಂದುವರಿಸಲಿಲ್ಲ. ತಲೆಯೆತ್ತಿ ಚಾವಣಿ ನೋಡಿದಳು, ಕಿಟಕಿಗಳ ಕಡೆ ನೋಡಿದಳು, ತಿರುಗಿ ಹಿಂದಿನ ಗೋಡೆ ನೋಡಿದಳು. ಮೈಕು ಇನ್ನೂ ಬಾಯ ಹತ್ತಿರವೇ ಇತ್ತು.

"ಮೆಟ್ಲೆಲ್ಲಿ?"

ಸಭೆಯವರೆಲ್ಲ ಹಿಂದೆ ತಿರುಗಿ ನೋಡಿದರು.

"ಸುತ್ಕೊಂಡು ಓಗದು, ಕಬ್ಬಿಣದ್ದು. ಎಲ್ಲೋಯ್ತು?"

ನಿರ್ದೇಶಕರು ಎದ್ದು ನಿಂತು, "ಕಾಲಕ್ಕೆ ತಕ್ಕ ಹಾಗೆ ಒಂದಷ್ಟು ಬದಲಾವಣೆ ಆಗಿದೆ ಅಮ್ಮ," ಎಂದರು. ಅದಕ್ಕೂ ಚಪ್ಪಾಳೆ ಬಿತ್ತು.

ಚಹಾ ವಿರಾಮಕ್ಕೆ ಬಿಟ್ಟ ಕೂಡಲೇ ಅವಳ ಹತ್ತಿರ ಹೋದೆ. ಅವಳು ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಳು.

"ಮಗ, ಇದಲ್ಲ ಅನ್ನುಸ್ತದೆ ಕಣೆ."

"ಏನು ಅಲ್ಲ?"

"ಅರಮನೆ. ಇದು ಅದಲ್ಲ. ಇವ್ರು ಶಾಲು ಬೇರೆ ಒದಿಸ್ಬುಟ್ರು. ಈಗೆಂಗೆ?"

ಸುಮ್ಮನೆ ಮನೆಗೆ ಹೋಗಿಬಿಡೋಣ, ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಅವ್ವ ಕೇಳಲಿಲ್ಲ. ಶಾಲನ್ನು ಮಡಿಸಿ, ಹಣ್ಣಿನ ಬುಟ್ಟಿಯ ಮೇಲಿಟ್ಟು, ನಿರ್ದೇಶಕರ ಕೋಣೆಗೆ ಹೊರಟಳು. ನಾನು ಹಿಂದೆ ಹೋದೆ. ಅವರು ನಿವೃತ್ತಿಗೆ ಹತ್ತಿರವಿದ್ದ, ಮೆದು ಮಾತಿನ ಮನುಷ್ಯ. ಎದ್ದು ಕುರ್ಚಿ ಎಳೆದುಕೊಟ್ಟರು.

"ಸ್ವಾಮಿ, ನಾನು ಅರಸ್ರ ಪೈಕಿ ಅಲ್ಲ," ಎಂದಳು ಅವ್ವ ನಿಂತುಕೊಂಡೇ. "ನಮ್ ದೊಡ್ಡವ್ವ ಪಾತ್ರೆ ತಿಕ್ಕೋರು. ನಾನು ಅವ್ರ ಜೊತೆ ಇದ್ದೆ. ಅದೂ ಈ ಅರಮನೆ ಅಲ್ಲ ಅನ್ನುಸ್ತದೆ. ಮೆಟ್ಲಿಲ್ವಲ್ಲ."

ಅವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರು, "ಆದ್ರೆ ಮೆಟ್ಲು ಇತ್ತಲ್ಲಮ್ಮ," ಎಂದರು. "ನಾನು ಇಲ್ಲಿಗೆ ಸೇರಿದಾಗ ಇತ್ತು. ಕಬ್ಬಿಣದ್ದೇ. ಆಮೇಲೆ ಬಿಚ್ಚಿ ಹರಾಜು ಹಾಕಿದ್ರು."

ಬಾಗಿಲಲ್ಲಿ ನಿಂತಿದ್ದ ಅಟೆಂಡರು ಬಾಯಿ ಹಾಕಿದ: "ಸಾರ್, ಅದು ಹೊರಗಡೆ ಇದ್ದಿದ್ದು. ಟ್ಯಾಂಕ್ ಕ್ಲೀನ್ ಮಾಡಕ್ಕೆ ಅಂತ ಆಮೇಲೆ ಇಕ್ಕಿಸಿದ್ದು."

ಫೈಲು ಹಿಡಿದು ಬಂದಿದ್ದ ಗುಮಾಸ್ತರೊಬ್ಬರು, "ಇಲ್ಲ ಸಾರ್, ಒಳಗಿದ್ದಿದ್ದು ಮರದ್ದು. ನಾನು ಹತ್ತಿದ್ದೀನಿ," ಎಂದರು.

ಮೂವರೂ ಮೆಟ್ಟಿಲಿನ ಮೇಲೆ ವಾದಕ್ಕೆ ನಿಂತರು. ಅವ್ವ ಒಬ್ಬೊಬ್ಬರ ಮುಖವನ್ನೂ ಆಸೆಯಿಂದ ನೋಡುತ್ತಿದ್ದಳು. ಕೊನೆಗೂ ಏನೂ ಇತ್ಯರ್ಥವಾಗಲಿಲ್ಲ. ಶಾಲು ವಾಪಸು ತೆಗೆದುಕೊಳ್ಳಲು ನಿರ್ದೇಶಕರು ಒಪ್ಪಲಿಲ್ಲ. "ಹಿರಿಯರಿಗೆ ಹೊದಿಸಿದ್ದು, ಇರಲಿ ಬಿಡಿ," ಎಂದು ಅವಳ ಕೈಗೇ ಇಟ್ಟು, ಊಟದ ಹೊತ್ತಿನಲ್ಲಿ ಹಿತ್ತಲು ತೋರಿಸುವಂತೆ ಅಟೆಂಡರಿಗೆ ಹೇಳಿದರು.

ಹಿತ್ತಲಲ್ಲಿ ಕಲ್ಲು ಹಾಸಿದ ಅಂಗಳವಿತ್ತು. ಅವ್ವ ಒಂದು ಕ್ಷಣ ನನ್ನ ಭುಜ ಹಿಡಿದು ನಿಂತಳು. ಆದರೆ ತೊಟ್ಟಿ ಇರಲಿಲ್ಲ, ಮೀನೂ ಇರಲಿಲ್ಲ. ತಗಡಿನ ಚಪ್ಪರದಡಿ ಸ್ಕೂಟರುಗಳು ನಿಂತಿದ್ದವು. ಗೋಡೆಯಲ್ಲೊಂದು ಎತ್ತರದ ಕಿಟಕಿಯಿತ್ತು. ಅದರ ಗಾಜುಗಳಲ್ಲಿ ಒಂದೇ ಒಂದು ನೀಲಿ, ಉಳಿದವೆಲ್ಲ ಬಿಳಿ.

"ಅವ್ವ, ನೋಡು, ನೀಲಿ!" ಎಂದೆ. ನನ್ನ ದನಿ ನನಗೇ ಸಣ್ಣ ಹುಡುಗಿಯ ದನಿಯಂತೆ ಕೇಳಿಸಿತು.

ಅವಳು ಬಹಳ ಹೊತ್ತು ನೋಡಿದಳು. "ನೀಲಿನೇ. ಆದ್ರೆ ಇದು ಮೂಡ್ಲ ದಿಕ್ಕು ಕಣ್ ಮಗ. ಅಲ್ಲಿ ಸಂಜೆ ಬಿಸ್ಲು ಬೀಳ್ತಿತ್ತು." ಅಟೆಂಡರ ಕಡೆ ತಿರುಗಿ, "ಮಾಳ್ಗೆಯಿಂದ ಬೆಟ್ಟ ಕಾಣ್ತದಾ?" ಎಂದು ಕೇಳಿದಳು.

"ಆವಾಗ ಎಲ್ಲಾ ಕಡೆಯಿಂದ್ಲೂ ಕಾಣ್ತಿತ್ತಮ್ಮ. ಈಗ ಬಿಲ್ಡಿಂಗ್ ಎದ್ಬುಟ್ಟಾವೆ."

ಅದರಿಂದ ಏನು ಗೊತ್ತಾದಂತಾಯಿತು? ಹೌದು ಎಂದುಕೊಳ್ಳಲು ಒಂದು ಕಾರಣ, ಅಲ್ಲ ಎಂದುಕೊಳ್ಳಲು ಒಂದು. ಮಧ್ಯಾಹ್ನದ ತರಗತಿಯಲ್ಲಿ ಏನು ಹೇಳಿದರೋ ನನ್ನ ತಲೆಗೆ ಹೋಗಲಿಲ್ಲ. ಇಷ್ಟು ವರ್ಷ ನಾನು ಮಕ್ಕಳಿಗೆ ಹೇಳಿದ ಪಾಠಕ್ಕಿಂತ ಗಟ್ಟಿಯಾಗಿ ನಂಬಿದ್ದದ್ದು ಅವ್ವನ ಈ ಕತೆಯನ್ನು. ಅವಳ ನೆನಪು ಈಗ ಕೈಕೊಡುತ್ತಿದೆಯೋ, ಅಥವಾ ಮೊದಲಿಂದಲೂ ಹೀಗೇ ಇತ್ತೋ? ಡಾಕ್ಟರಿಗೆ ತೋರಿಸಬೇಕೇನೋ ಎಂಬ ಯೋಚನೆಯೂ ಬಂತು. ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಅವ್ವ ಮಾತ್ರ ಹಣ್ಣಿನ ಬುಟ್ಟಿಯಿಂದ ಕಿತ್ತಳೆ ತೆಗೆದು, ಸುಲಿದು, ಸುತ್ತಲಿನ ಟೀಚರುಗಳಿಗೆಲ್ಲ ತೊಳೆ ಹಂಚುತ್ತಿದ್ದಳು. ಅವರು ಅದನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿದ್ದರು.

ಸಂಜೆ ಆಟೋ ಹತ್ತಿದಾಗ ಅವ್ವ, "ಇನ್ನೊಂದು ಅರಮನೆಗೆ ಓಗಮ," ಎಂದಳು.

"ಯಾವ ಅರಮನೆ ತಾಯಿ?" ಎಂದ ಆಟೋದವನು. ಅವ್ವ ಕಿಟಕಿ, ಮೆಟ್ಟಿಲು, ಮೀನು ಎಲ್ಲ ವಿವರಿಸಿದಳು. ಅವನು ತಾಳ್ಮೆಯಿಂದ ಕೇಳಿಸಿಕೊಂಡ. "ಒಂದು ಹೋಟ್ಲಾಗಿದೆ, ಒಂದು ಮ್ಯೂಸಿಯಂ ಆಗಿದೆ, ಮಿಕ್ಕಿದ್ರಲ್ಲೆಲ್ಲ ಆಫೀಸು. ಮೀನಿರೋದು ನನಗೆ ಗೊತ್ತಿಲ್ಲ. ದಾರೀಲಿ ಒಂದು ಸಿಕ್ತದೆ, ನೋಡ್ಕೊಂಡು ಹೋಗಿ."

ಅಲ್ಲಿಗೆ ಹೋಗುವ ಹೊತ್ತಿಗೆ ಕಚೇರಿ ಮುಚ್ಚಿತ್ತು. ಅವ್ವ ಗೇಟಿನ ಸರಳು ಹಿಡಿದು ನಿಂತಳು. ಬಿಳಿ ಬಣ್ಣದ ಭಾರಿ ಕಟ್ಟಡ, ಮುಂದೆ ಹುಲ್ಲುಹಾಸು, ಕಮಾನುಗಳು. ನಾನು ಅವಳ ಮುಖ ನೋಡುತ್ತಿದ್ದೆ. ಏನೂ ಕಾಣಲಿಲ್ಲ.

"ಇದೂ ಅಲ್ವಾ?"

"ಎಂಗೆ ಏಳ್ಲಿ?" ಎಂದಳು. "ನಾವು ಯಾವತ್ತಾದ್ರೂ ಮುಂದ್ಗಡೆ ಬಂದಿದ್ರೆ ತಾನೆ? ಹಿಂದ್ಲ ಬಾಗ್ಲಲ್ಲಿ ಓಗದು, ಹಿಂದ್ಲ ಬಾಗ್ಲಲ್ಲಿ ಬರದು. ಮುಂದ್ಲಿಂದ ಅರಮನೆ ಎಂಗಿತ್ತು ಅಂತ ನಾನು ನೋಡೇ ಇಲ್ಲ."

ನಾನು ತಬ್ಬಿಬ್ಬಾದೆ. "ಮತ್ತೆ ಸುತ್ತೋ ಮೆಟ್ಟಿಲು? ಮಾಳಿಗೆ? ಬೆಟ್ಟ ಕಾಣೋದು?"

"ಅದೆಲ್ಲ ದೊಡ್ಡವ್ವ ಏಳೋರು. ಅವ್ರು ಕಾಫಿ ತಕ್ಕೊಂಡು ಮೇಲಕ್ಕೋಗೋರು."

"ನೀಲಿ ಗಾಜು?"

ಅವಳು ಯೋಚಿಸಿದಳು. "ಅದು ನಾನು ನೋಡಿದ್ದೀನಿ. ನೋಡಿದ್ದೀನಿ ಅನ್ನುಸ್ತದೆ."

ಆಟೋದಲ್ಲಿ ಮನೆಗೆ ಬರುವಾಗ, ಇಷ್ಟು ವರ್ಷ ಅವಳು ಹೇಳಿದ್ದರಲ್ಲಿ ಯಾವುದು ಅವಳದು, ಯಾವುದು ದೊಡ್ಡವ್ವನದು ಎಂದು ವಿಂಗಡಿಸಲು ನೋಡಿದೆ. ಆಗಲಿಲ್ಲ. ಮನೆಗೆ ಬಂದವಳೇ ಊರಿನಲ್ಲಿರುವ ಸೋದರಮಾವನಿಗೆ ಫೋನು ಮಾಡಿದೆ. "ಅರಮನೆನಾ?" ಎಂದು ಅವರು ನಕ್ಕರು. "ಯಾವ ಅರಮನೆ ಮಗಳೇ! ದೊಡ್ಡವ್ವ ಇದ್ದಿದ್ದು ಯಾರೋ ದೊರೆ ಬಂಗ್ಲೇಲಿ. ಬಿಳಿ ದೊರೆಗಳು ಬಿಟ್ಟು ಹೋದ ಮೇಲೆ ಯಾರೋ ದೊಡ್ಡ ಆಫೀಸರು ಇದ್ರಂತೆ. ಅರಮನೆಗೆ ಸೇರ್ಕೊಂಡಿದ್ದು ಆಮೇಲೆ. ಅಷ್ಟೊತ್ತಿಗೆ ನಿಮ್ಮವ್ವ ಊರಿಗೆ ಬಂದ್ಬುಟ್ಟಿದ್ಲು."

ಇದನ್ನು ಅವ್ವನಿಗೆ ಹೇಳಿದರೆ ಅವಳು ಸಿಡಿದುಬಿದ್ದಳು. "ಅವನು ಅಂಬೆಗಾಲಿಕ್ಕೋನು ಆವಾಗ! ಅವನಿಗೇನು ಗೊತ್ತು?" ನನ್ನ ಗಂಡ ಇಬ್ಬರ ಕಡೆಯೂ ತಲೆಯಾಡಿಸಿ ಊಟಕ್ಕೆ ಕೂತರು.

ಮಾರನೆಯ ದಿನ ತರಬೇತಿಗೆ ನಾನೊಬ್ಬಳೇ ಹೋದೆ. ಹಿಂದಿನ ದಿನ ನನ್ನ ಪಕ್ಕದಲ್ಲಿ ಪಿಸುಗುಟ್ಟಿದ್ದ ಟೀಚರು ಓಡಿಬಂದು, "ಅಮ್ಮಾವ್ರು ಬರ್ಲಿಲ್ವಾ? ನೀವು ಅವ್ರ ಮಗಳಂತೆ, ಹೇಳ್ಲೇ ಇಲ್ಲ!" ಎಂದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ನಾವು ರೈತರ ಮನೆಯವರು, ಅವ್ವನ ದೊಡ್ಡವ್ವ ಪಾತ್ರೆ ತಿಕ್ಕುತ್ತಿದ್ದವರು. ಆಕೆ ನನ್ನ ಕೈ ಅದುಮಿ, "ಎಷ್ಟು ವಿನಯ ಮೇಡಂ ನಿಮ್ಮ ಮನೇಲಿ," ಎಂದು ಹೊರಟುಹೋದರು. ನಾನು ಅವರ ಹಿಂದೆ ಹೋಗಲಿಲ್ಲ.

ಊಟದ ಹೊತ್ತಿನಲ್ಲಿ ಅಟೆಂಡರನ್ನು ಕೇಳಿ ಹಳೆಯ ಅಡುಗೆಮನೆ ತೆಗೆಸಿದೆ. ಮುರಿದ ಕುರ್ಚಿಗಳನ್ನು ಒಟ್ಟಿದ ಕತ್ತಲೆ ಕೋಣೆ. ತಲೆಯೆತ್ತಿದರೆ ಚಾವಣಿಯ ತುಂಬ ಮಸಿ. ಎಷ್ಟೋ ವರ್ಷ ಒಲೆ ಉರಿದ ಮನೆ ಎನ್ನುವುದಂತೂ ಸುಳ್ಳಲ್ಲ. ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ನಿಂತು ಫೋನಿನಲ್ಲಿ ಫೋಟೊ ತೆಗೆದೆ: ಗೋಡೆ, ಮಸಿ, ಹೊಗೆ ಹೋಗಲು ಬಿಟ್ಟಿದ್ದ ಕಿಂಡಿ.

ಸಂಜೆ ಅವ್ವನಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು, ನಾನು ಹೇಳಿಕೊಟ್ಟಂತೆ ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳು.

"ಇರಬೌದು," ಎಂದಳು. ಆಮೇಲೆ, "ಅಲ್ದೇನೂ ಇರಬೌದು."

ನಾನು ಫೋನು ತೆಗೆದುಕೊಳ್ಳಲು ಕೈ ಚಾಚಿದೆ. ಅವಳು ಕೊಡಲಿಲ್ಲ.

"ಮೊದ್ಲು ಮೊದ್ಲು ನಾನು ಏನೂ ಉಣ್ತಿರ್ಲಿಲ್ಲ ಕಣ್ ಮಗ. ಮಾತೂ ಆಡ್ತಿರ್ಲಿಲ್ಲ. ಒಳಕಲ್ಲಿನ ಪಕ್ಕ ಕುಂತ್ಕೊಂಡು ಗ್ವಾಡೆ ನೋಡ್ತಿದ್ದೆ. ದೊಡ್ಡವ್ವ ಹಾಲು ಕಾಸಿದ ಪಾತ್ರೆ ತಳ ಕೆರೆದು ತಂದು ಬಾಯಿಗಿಕ್ಕೋರು. ಸೀದೋಗಿರೋ ವಾಸ್ನೆ. ಬಿಸಿ ಬೆರಳು. ಅದು ನಾನೇ ಕಂಡಿದ್ದು, ಯಾರೂ ಏಳಿದ್ದಲ್ಲ."

ಈ ಮಾತನ್ನು ಅವಳು ಯಾವತ್ತೂ ಹೇಳಿರಲಿಲ್ಲ. ಇಷ್ಟು ವರ್ಷ ಕಿಟಕಿ ಮೆಟ್ಟಿಲುಗಳ ಬಗ್ಗೆಯೇ ಕೇಳಿದ್ದ ನಾನು ಕುಕ್ಕರಿನ ಸದ್ದಿಗೂ ಏಳದೆ ಕೂತೆ.

"ಒಂದೇ ಒಂದು ಬೇಜಾರು," ಎಂದಳು. "ಅವ್ರ ಮುಖ ಗ್ಯಾಪ್ಕಕ್ಕೇ ಬರಲ್ಲ. ಕೈ ಗೊತ್ತು, ಸೀರೆ ಗೊತ್ತು, ಕೆಮ್ಮೋದು ಗೊತ್ತು. ಮುಖ ಇಲ್ಲ. ಪಟ ಗಿಟ ಏನೂ ಇಲ್ವಲ್ಲ. ಆ ಜಾಗಕ್ಕೋದ್ರೆ ಬಂದಾತೇನೋ ಅಂದ್ಕೊಂಡಿದ್ದೆ."

ರೇಷ್ಮೆ ಸೀರೆ ಉಟ್ಟು ಕತ್ತಲಲ್ಲೇ ಎದ್ದು ಕೂತದ್ದು ಇದಕ್ಕೆ. ನಾನು ಅರಮನೆಯ ಹೆಮ್ಮೆ ಎಂದುಕೊಂಡಿದ್ದೆ. ಅವಳ ಕಾಲು ಒತ್ತುತ್ತ ಕೂತೆ. ಅವಳೇ, "ಓಗ್ಲಿ ಬುಡು, ಕುಕ್ಕರ್ ಆರ್ಸು," ಎಂದಳು.

ಅದಾದ ಮೇಲೆ ರಜೆ ಸಿಕ್ಕಾಗ ನಾವಿಬ್ಬರೂ ಒಂದೊಂದು ಅರಮನೆಗೆ ಹೋಗಿ ಬರುತ್ತಿದ್ದೇವೆ. ಮುಂದಿನ ಗೇಟಿಗೆ ಹೋಗುವುದಿಲ್ಲ. ಕಾಂಪೌಂಡು ಸುತ್ತಿ ಹಿಂಬಾಗಿಲು ಹುಡುಕುತ್ತೇವೆ. ಕೆಲವೆಡೆ ಹಿಂಬಾಗಿಲಿಗೆ ಗೋಡೆ ಕಟ್ಟಿಬಿಟ್ಟಿದ್ದಾರೆ. ಒಂದೆಡೆ ಒಣಗಿದ ತೊಟ್ಟಿಯೊಂದು ಸಿಕ್ಕಿತು. ಅದರಲ್ಲಿದ್ದದ್ದು ಮೀನಲ್ಲ, ಸಿಂಹದ ಮುಖ. ಅವ್ವ ಅದನ್ನೂ ಮುಟ್ಟಿ ನೋಡಿ, "ಮಕ್ಳ ಕಣ್ಗೆ ಸಿಮ್ಮವೇ ಮೀನಂಗೆ ಕಂಡಿರಬೌದು," ಎಂದಳು. ನನಗೆ ನಂಬಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ.

ಮೊನ್ನೆ ಹೋದ ಕಡೆ ಹಿಂದಿನ ಗೇಟಿನಲ್ಲಿ ಸೆಕ್ಯುರಿಟಿಯವರೊಬ್ಬರು ಕೂತಿದ್ದರು. ಶನಿವಾರ, ಕಚೇರಿ ನಡೆಯುತ್ತಿತ್ತು. "ಯಾರು ಬೇಕಿತ್ತಮ್ಮ?" ಎಂದು ಕೇಳಿದರು.

ನಾನು ಬಾಯಿ ತೆಗೆಯುವುದರೊಳಗೆ ಅವ್ವ, "ನಮ್ ದೊಡ್ಡವ್ವ ಇಲ್ಲಿ ಕೆಲ್ಸಕ್ಕಿದ್ರು ಕಣಪ್ಪ," ಎಂದಳು.

ಅವರು ಗೊಂದಲದಿಂದ ಅವಳ ನರೆತ ತಲೆ ನೋಡಿದರು, ನನ್ನನ್ನು ನೋಡಿದರು. ಈ ಅಜ್ಜಿಗೆ ಇನ್ನೂ ದೊಡ್ಡವ್ವ ಇದ್ದಾರೆಯೇ ಎಂದು ಲೆಕ್ಕ ಹಾಕಿದಂತಿತ್ತು.

"ಯಾವ ಸೆಕ್ಷನ್ನಮ್ಮ?"

"ಅಡ್ಗೆ ಮನೆ."

"ಕ್ಯಾಂಟೀನಾ? ಹಿಂಗೇ ನೇರ ಹೋಗಿ, ಎಡಕ್ಕೆ ತಿರ್ಗಿ. ಇನ್ನೂ ತೆಗ್ದಿರ್ತಾರೆ."

ಅವ್ವ ನನ್ನ ಕೈ ಹಿಡಿದುಕೊಂಡು ಒಳಗೆ ನಡೆದಳು. ನಾವು ನೇರ ಹೋಗಿ ಎಡಕ್ಕೆ ತಿರುಗಿದೆವು. ಕ್ಯಾಂಟೀನಿನ ಹೆಂಗಸು ಬೆಂಚು ಒರೆಸಿ, ಕೂತ್ಕೊಳ್ಳಿ ಅಂದಳು. ಅವ್ವ ಸುತ್ತ ಗೋಡೆಗಳನ್ನೆಲ್ಲ ನಿಧಾನವಾಗಿ ನೋಡುತ್ತ, ಎರಡು ಕಾಫಿ ಹೇಳಿದಳು.